ಅಯಾನುಗೋಳದ ಲೋಹ ವಿಮಾನದ್ದಲ್ಲ, ಉಲ್ಕೆಗಳದ್ದು

ಅಯಾನುಗೋಳದಲ್ಲಿ, ಅಂದರೆ ವಿದ್ಯುದಾವೇಶದ ಕಣಗಳಿರುವ ಮೇಲಿನ ವಾತಾವರಣದಲ್ಲಿ, ಲೋಹ ಪತ್ತೆಯಾಗಿದೆ, ಅದು ವಿಮಾನಗಳು ಗುಟ್ಟಾಗಿ ಸಿಂಪಡಿಸಿದ್ದು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆಯವರ ಆರೋಗ್ಯದ ಚಿಂತೆಯಿಂದಲೇ ಜನ ಅದನ್ನು ಹಂಚುತ್ತಾರೆ. ಲೋಹ ಇರುವುದು ನಿಜ. ಹೇಳಿದ ಮೂಲ ತಪ್ಪು.

ಕಣ್ಣಿಗೆ ಬೀಳದಷ್ಟು ಸಣ್ಣ ಉಲ್ಕಾಕಣಗಳು 80ರಿಂದ 110 ಕಿ.ಮೀ. ಎತ್ತರದಲ್ಲಿ ಕಾದು ಆವಿಯಾಗುತ್ತವೆ. ಅವುಗಳ ಕಬ್ಬಿಣ, ಮೆಗ್ನೀಸಿಯಂ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಗಾಳಿ ಅವನ್ನು ಅಡ್ಡಕ್ಕೆ ತಳ್ಳಿದಾಗ ಭೂಮಿಯ ಕಾಂತಕ್ಷೇತ್ರ ದಾರಿ ತಿರುಗಿಸುತ್ತದೆ: ಪೂರ್ವಕ್ಕೆ ಬೀಸುವ ಗಾಳಿ ಮೇಲೆತ್ತುತ್ತದೆ, ಪಶ್ಚಿಮಕ್ಕೆ ಬೀಸುವುದು ಕೆಳಗಿಳಿಸುತ್ತದೆ. ಮೇಲೆ ಪಶ್ಚಿಮದತ್ತ, ಅದರಡಿ ಪೂರ್ವದತ್ತ ಬೀಸಿದರೆ ಅಯಾನುಗಳು ನಡುವೆ ಸಿಕ್ಕಿ, ಎರಡು ಅಂಗೈ ನಡುವೆ ಒತ್ತಿದ ಹಿಟ್ಟಿನಂತೆ, ಕೆಲವೇ ಕಿ.ಮೀ. ದಪ್ಪದ ಪದರವಾಗುತ್ತವೆ. ಲೋಹದ ಅಯಾನು ಎಲೆಕ್ಟ್ರಾನ್ ಜೊತೆ ಮತ್ತೆ ಕೂಡುವುದು ಬಹಳ ನಿಧಾನ. ಹಾಗಾಗಿ ಪದರ ಗಂಟೆಗಟ್ಟಲೆ ಉಳಿಯುತ್ತದೆ.

ನೀವೇ ಪರೀಕ್ಷಿಸಬಹುದು. ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ತಲೆಮೇಲಿನ ವಿಮಾನ ಒತ್ತಿ, ಎತ್ತರ ನೋಡಿ. 35,000 ಅಡಿ ಎಂದಿದ್ದರೆ 3,281ರಿಂದ ಭಾಗಿಸಿ: ಸುಮಾರು 10.7 ಕಿ.ಮೀ. ಲೋಹದ ಪದರ ಅದಕ್ಕಿಂತ ಸುಮಾರು ಒಂಬತ್ತು ಪಟ್ಟು ಎತ್ತರ. ವಿಮಾನದ ಹಿಂದಿನ ಬಿಳಿ ಗೆರೆ ಹೆಪ್ಪುಗಟ್ಟಿದ ನೀರಾವಿ. ಇಸವಿಯನ್ನೂ ಹೋಲಿಸಿ: ಈ ಪದರಗಳು ರೇಡಿಯೋ ಅಳತೆಗಳಲ್ಲಿ 1930ರ ದಶಕದಲ್ಲೇ ಕಂಡಿದ್ದವು, ಪ್ರಯಾಣಿಕ ಜೆಟ್‌ಗಳು ಹಾರಾಟ ಶುರುಮಾಡಿದ್ದು 1952ರಲ್ಲಿ.