ಹೆಸರಿಗಷ್ಟೇ ಹೆಡ್ ನ್ಯಾನಿ

ನಿನ್ನೆ ಸಂಜೆ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಅಲ್ಲಿಂದ ಬಂದ ಮೇಲೆ ರಾತ್ರಿಯಿಡೀ ಮನಸ್ಸು ಕುದಿಯುತ್ತಲೇ ಇದ್ದುದರಿಂದ ಇದನ್ನು ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ನಾನು ನ್ಯಾನಿಯಾಗಿ, ಅಂದರೆ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿ, ದುಡಿದು ಬದುಕಿದವಳು ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತೇ ಇದೆ. ಹಾಗಾಗಿ ನನ್ನ ಸಿಟ್ಟಿಗೆ ಪೀಠಿಕೆ ಬೇಕಿಲ್ಲ.

ಆ ಮನೆಯಲ್ಲಿ ಹತ್ತು ತಿಂಗಳ ಕೂಸು ಮತ್ತು ಅದಕ್ಕೊಬ್ಬ ನಾಲ್ಕು ವರ್ಷದ ಅಕ್ಕ ಇದ್ದಾರೆ. ಹಗಲಿಗೊಬ್ಬರು, ರಾತ್ರಿಗೊಬ್ಬರು ನ್ಯಾನಿ. ಆ ಇಬ್ಬರ ಮೇಲೆ ಒಬ್ಬ ಹೆಡ್ ನ್ಯಾನಿ. ನಿನ್ನೆ ಕೂಸಿಗೆ ಜ್ವರವಿತ್ತು. ಆರು ಗಂಟೆಗೆ ಹೆಡ್ ನ್ಯಾನಿಯೇ ಪ್ಯಾರಸಿಟಮಾಲ್ ಸಿರಪ್ ಕುಡಿಸಿ, ಕೊಟ್ಟ ಸಮಯ, ಕೊಟ್ಟ ಪ್ರಮಾಣ, ಆಗಿದ್ದ ಜ್ವರ ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಎಂಟು ಗಂಟೆಗೆ ಅವರು ದೊಡ್ಡ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ, ನಮ್ಮೊಡನೆ ಹರಟುತ್ತ ಕುಳಿತಿದ್ದ ತಾಯಿ ಕುಳಿತಲ್ಲಿಂದಲೇ ರಾತ್ರಿಯ ನ್ಯಾನಿಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದರು: “ಮೈ ಇನ್ನೂ ಬಿಸಿಯಿದೆ, ಡ್ರಾಪ್ಸ್ ಹಾಕಿಬಿಡು.” ಆ ಹುಡುಗಿ ಕೆಲಸಕ್ಕೆ ಹೊಸಬಳು. ಯಜಮಾನಿಯೇ ಹೇಳಿದ ಮೇಲೆ ಪುಸ್ತಕ ತೆರೆದು ನೋಡುವ ಧೈರ್ಯ ಯಾರಿಗಿರುತ್ತದೆ? ಹಾಕಿಬಿಟ್ಟಳು.

ಮಕ್ಕಳನ್ನು ನೋಡಿಕೊಂಡು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪ್ಯಾರಸಿಟಮಾಲಿನ ಲೆಕ್ಕ ನಡೆಯುವುದು ಮಗುವಿನ ತೂಕದ ಮೇಲೆ. ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲಗಳ ನಡುವೆ ಕನಿಷ್ಠ 4 ಗಂಟೆಯ ಅಂತರ. ಅದರ ಜೊತೆಗೆ, ಅನೇಕ ಕಡೆ ಅದೇ ಔಷಧದ ಡ್ರಾಪ್ಸ್ ಸಿರಪ್ಪಿಗಿಂತ ಬಹಳ ಗಾಢ, ಅಂದರೆ ಅಷ್ಟೇ ಅಳತೆಯಲ್ಲಿ ಔಷಧ ಹೆಚ್ಚಿರುತ್ತದೆ. ಬಾಟಲಿಗಳೆರಡು, ಔಷಧ ಒಂದೇ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ.

ಸ್ನಾನ ಮುಗಿಸಿ ಬಂದ ಹೆಡ್ ನ್ಯಾನಿ ಡ್ರಾಪ್ಸ್ ಬಾಟಲಿಯ ಮುಚ್ಚಳ ಸಡಿಲವಾಗಿದ್ದುದನ್ನು ಕಂಡು ಒಂದೇ ಪ್ರಶ್ನೆ ಕೇಳಿ ವಿಷಯ ತಿಳಿದುಕೊಂಡರು. ಕೂಡಲೇ ವೈದ್ಯರಿಗೆ ಫೋನ್ ಮಾಡಿದರು. ವೈದ್ಯರು ಕೇಳಿದ ತೂಕ, ಪ್ರಮಾಣ, ಸಮಯ ಎಲ್ಲಕ್ಕೂ ಪುಸ್ತಕ ನೋಡಿಯೇ ಉತ್ತರ ಕೊಟ್ಟರು, ರಾತ್ರಿಯ ಡೋಸ್ ಒಂದರ ಹೊರತು. ಅದನ್ನು ಆ ಹುಡುಗಿ ಅಳುತ್ತ ನೆನಪಿನಿಂದ ಹೇಳಬೇಕಾಯಿತು. ಕೂಸು ಕ್ಷೇಮವಾಗಿದೆ. ಇಷ್ಟೆಲ್ಲ ಆದ ಮೇಲೆ ಆ ತಾಯಿ, ನಮ್ಮೆಲ್ಲರ ಎದುರೇ, ಹೆಡ್ ನ್ಯಾನಿಗೆ ಹೇಳಿದ ಮಾತು: “ಇದನ್ನೆಲ್ಲ ನೋಡಿಕೊಳ್ಳಲಿ ಅಂತ ತಾನೇ ನಿಮ್ಮನ್ನು ಹೆಡ್ ಮಾಡಿರುವುದು?”

ನನ್ನ ತಕರಾರು ಇರುವುದು ಈ ಒಂದು ವಾಕ್ಯದ ಮೇಲೆ. ಹೊಣೆಯನ್ನು ಪೂರ್ತಿಯಾಗಿ ಹೊರಿಸುತ್ತೀರಿ, ಆ ಹೊಣೆ ನಿಭಾಯಿಸಲು ಬೇಕಾದ ಅಧಿಕಾರವನ್ನು ಮಾತ್ರ ನಿಮ್ಮ ಮೊಬೈಲಿನಲ್ಲೇ ಇಟ್ಟುಕೊಳ್ಳುತ್ತೀರಿ.

ಹೆಡ್ ನ್ಯಾನಿ ಎಂದರೆ ಹೆಚ್ಚು ವಯಸ್ಸಾದ ಆಯಾ ಎಂದು ಜನ ತಿಳಿದಿದ್ದಾರೆ. ಅವಳ ಕೆಲಸದ ಬಹುಪಾಲು ಕಣ್ಣಿಗೆ ಬೀಳುವಂಥದ್ದಲ್ಲ. ಯಾರು ಯಾವ ಹೊತ್ತಿನಲ್ಲಿ ಇರಬೇಕು, ಯಾರ ರಜೆಗೆ ಯಾರು ಬದಲಿ, ಹಗಲಿನವರು ರಾತ್ರಿಯವರಿಗೆ ಮಗುವನ್ನು ಒಪ್ಪಿಸುವಾಗ ಏನೇನು ಹೇಳಲೇಬೇಕು, ಹಿಂಡಿಟ್ಟ ತಾಯಿಹಾಲನ್ನು ಫ್ರಿಜ್ಜಿಗೆ ಇಟ್ಟು 4 ದಿನ ಮೀರಿತೇ, ಕೂಸನ್ನು ಅಂಗಾತ ಮಲಗಿಸುವ ನಿಯಮವನ್ನು ಹೊಸಬರು ಪಾಲಿಸುತ್ತಿದ್ದಾರೆಯೇ, ವರ್ಷ ತುಂಬದ ಮಗುವಿಗೆ ಯಾರಾದರೂ ಮುದ್ದಿಗೆ ಜೇನುತುಪ್ಪ ನೆಕ್ಕಿಸಿದರೇ, ಇವೆಲ್ಲ ಒಂದೇ ತಲೆಯಲ್ಲಿ, ಒಂದೇ ಪುಸ್ತಕದಲ್ಲಿ ಕೂಡಬೇಕು. ಆ ತಲೆಯನ್ನು ದಾಟಿಕೊಂಡು ಒಂದು ಆದೇಶ ಹೋಯಿತೆಂದರೆ ಪುಸ್ತಕ ಸುಳ್ಳು ಹೇಳತೊಡಗುತ್ತದೆ. ಸುಳ್ಳು ಹೇಳುವ ಪುಸ್ತಕಕ್ಕಿಂತ ಪುಸ್ತಕವೇ ಇಲ್ಲದಿರುವುದು ಮೇಲು. ಆಗ ಕನಿಷ್ಠ ಕೇಳಿ ತಿಳಿಯೋಣ ಎಂಬ ಭಯವಾದರೂ ಇರುತ್ತದೆ.

ಇದೇನು ಹೊಸ ಕಾಲದ ಬೇಡಿಕೆಯಲ್ಲ. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಮಕ್ಕಳ ಕೋಣೆಗೆ ನ್ಯಾನಿಯೇ ಯಜಮಾನಿಯಾಗಿದ್ದಳು, ಅವಳ ಕೈಕೆಳಗೆ ಸಹಾಯಕಿಯರಿರುತ್ತಿದ್ದರು. ರಾಣಿ ಎರಡನೆಯ ಎಲಿಜಬೆತ್ ಮಗುವಾಗಿದ್ದಾಗ ಕ್ಲಾರಾ ನೈಟ್ ನ್ಯಾನಿಯಾಗಿದ್ದರು, ಮಾರ್ಗರೆಟ್ ಮ್ಯಾಕ್‌ಡೊನಾಲ್ಡ್ ಎಂಬಾಕೆ ಕ್ಲಾರಾ ಅವರ ಕೈಕೆಳಗಿದ್ದರು. ಎಮಿಲಿ ವಾರ್ಡ್ 1892ರಲ್ಲಿ ಲಂಡನ್ನಿನಲ್ಲಿ ನಾರ್ಲೆಂಡ್ ಎಂಬ ತರಬೇತಿ ಸಂಸ್ಥೆಯನ್ನೇ ಕಟ್ಟಿದರು. ಮಗುವನ್ನು ನೋಡಿಕೊಳ್ಳುವುದು ಕಲಿತು ಮಾಡಬೇಕಾದ ಕೆಲಸ ಎಂದು ಒಪ್ಪಿಕೊಂಡು ನೂರಮೂವತ್ತು ವರ್ಷ ಕಳೆದಿದೆ. ಆದರೂ ನಿನ್ನೆ, ಇಷ್ಟೆಲ್ಲ ನಡೆಯುವುದಕ್ಕೆ ಮೊದಲು, ಅದೇ ಹೆಡ್ ನ್ಯಾನಿಯನ್ನು ಕರೆದು ಅತಿಥಿಗಳ ಎಂಜಲು ಲೋಟಗಳನ್ನು ಎತ್ತಿಸಲಾಯಿತು. ಅದರಲ್ಲಿ ನನ್ನದೂ ಒಂದು ಲೋಟವಿತ್ತು. ನಾನೇ ಎದ್ದು ಇಟ್ಟುಬರಬಹುದಿತ್ತು, ಏಳಲಿಲ್ಲ.

“ಮಗು ನಮ್ಮದು, ನಮ್ಮ ಮನೆಯಲ್ಲಿ ಯಾರಿಗೆ ಏನು ಹೇಳಬೇಕೆಂದು ಇನ್ನೊಬ್ಬರನ್ನು ಕೇಳಬೇಕೇ?” ಎನ್ನುವವರು ಇದ್ದಾರೆ. ಖಂಡಿತ ಮಗು ನಿಮ್ಮದೇ. ಜ್ವರಕ್ಕೆ ಔಷಧ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕನ್ನು ಯಾರೂ ಕಸಿದುಕೊಂಡಿಲ್ಲ. ಆ ತೀರ್ಮಾನ ಯಾರ ಮೂಲಕ ಹೋಗಬೇಕು ಎಂಬುದಷ್ಟೇ ಮಾತು. ಇನ್ನು ಕೆಲವರು, ಅಧಿಕಾರ ಕೊಟ್ಟರೆ ಹೆಡ್ ನ್ಯಾನಿಯರು ತಲೆಯ ಮೇಲೆ ಕೂರುತ್ತಾರೆ ಎನ್ನುತ್ತಾರೆ. ಇದಕ್ಕೆ ಮಾತ್ರ ನಾನು ಸ್ವಲ್ಪ ತಲೆ ತಗ್ಗಿಸಬೇಕು. ನಾನು ಹೆಡ್ ಆದ ಮೊದಲ ವರ್ಷ, ಮಗು ನನ್ನ ತೋಳಿಗಿಂತ ಕಿರಿಯ ನ್ಯಾನಿಯ ತೋಳಿಗೇ ಹೆಚ್ಚು ಹೋಗುತ್ತಿತ್ತೆಂಬ ಹೊಟ್ಟೆಕಿಚ್ಚಿಗೆ, ಮೂರು ವಾರ ಅವಳನ್ನು ಬರೀ ರಾತ್ರಿಪಾಳಿಗೆ ಹಾಕಿದ್ದೆ. ಆ ಮನೆಯ ತಾಯಿ ಪಾಳಿಯ ಪಟ್ಟಿಯನ್ನು ನನ್ನ ಮುಂದೆ ಹಿಡಿದು, ಇದೇಕೆ ಹೀಗೆ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವರು ಅವಳಿಗೆ ನೇರವಾಗಿ ಫೋನ್ ಮಾಡಿ ಪಾಳಿ ಬದಲಿಸಲಿಲ್ಲ, ನನ್ನ ಕೈಯಿಂದಲೇ ತಿದ್ದಿಸಿದರು. ಪಟ್ಟಿ ನನ್ನ ಕೈಬರಹದಲ್ಲಿದ್ದುದರಿಂದಲೇ ನಾನು ಸಿಕ್ಕಿಬಿದ್ದೆ. ನಿನ್ನೆಯ ಮೊಬೈಲ್ ಸಂದೇಶದ ತಪ್ಪು ಯಾರ ಕೈಬರಹದಲ್ಲಿದೆ, ಹೇಳಿ?

ಮನೆಗೆಲಸದವರ ಕುರಿತಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೇ ಒಪ್ಪಂದವು, ಮಾಡಬೇಕಾದ ಕೆಲಸ ಯಾವುದೆಂದು, ಸಾಧ್ಯವಾದಲ್ಲೆಲ್ಲ ಬರಹದಲ್ಲಿ, ತಿಳಿಸಬೇಕು ಎನ್ನುತ್ತದೆ; ವಾರಕ್ಕೊಮ್ಮೆ ಕನಿಷ್ಠ ಸತತ 24 ಗಂಟೆಯ ಬಿಡುವನ್ನೂ ಹೇಳುತ್ತದೆ. ನಿನ್ನೆಯ ಹೆಡ್ ನ್ಯಾನಿಯನ್ನು ಕೇಳಿದೆ, ನಿಮ್ಮ ಕೆಲಸವೇನೆಂದು ಎಲ್ಲಾದರೂ ಬರೆದುಕೊಟ್ಟಿದ್ದಾರೆಯೇ ಎಂದು. ಅವರು ನಕ್ಕರು.

ನಾನು ಹೊರಡುವಾಗ ಆ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, “ನಿಮಗೆ ಈ ಕೆಲಸದವರೆಲ್ಲ ಗೊತ್ತಲ್ಲ, ಜವಾಬ್ದಾರಿಯಿರುವ ಹೆಡ್ ನ್ಯಾನಿ ಯಾರಾದರೂ ಇದ್ದರೆ ಹೇಳಿ” ಎಂದರು. ನೋಡೋಣ ಎಂದು ಹೇಳಿ ಬಂದಿದ್ದೇನೆ. ಇದನ್ನು ಓದುತ್ತಿರುವ ನನ್ನ ಹಳೆಯ ಜೊತೆಗಾತಿಯರಲ್ಲಿ ಯಾರಿಗಾದರೂ ಅಂಥ ಕರೆ ಬಂದರೆ, ಸಂಬಳ ಕೇಳುವುದಕ್ಕೂ ಮೊದಲು, ಕಿರಿಯ ನ್ಯಾನಿಯರಿಗೆ ಹೇಳುವವರು ಯಾರು ಎಂದು ಕೇಳಿ.