ಒಂದು ವಿಡಿಯೋ ಹಾಕೋಕೆ ಇಷ್ಟು ಗೋಳಾ?

ತುಮಕೂರು-ಬೆಂಗಳೂರು ರೈಲಲ್ಲಿ ನೋಡೋಣ ಅಂತ ನಮ್ಮೂರಿನ ಮೂಡಲಪಾಯ ಯಕ್ಷಗಾನದ ವಿಡಿಯೋವನ್ನು ಪಿಎಸ್‌ಪಿಗೆ (ಸೋನಿಯ ಕೈಲಿ ಹಿಡಿದು ಆಡುವ ಗೇಮ್ ಯಂತ್ರ) ಹಾಕಲು ಕೂತೆ. ರಾತ್ರಿಯೆಲ್ಲ ಕನ್ವರ್ಟ್ ಆಗಿ ಇನ್ನೇನು ಮುಗಿಯಿತು ಅನ್ನುವಾಗ ಕರೆಂಟು ಹೋಯಿತು! ಮತ್ತೆ ಮೊದಲಿಂದ. ಕೊನೆಗೆ ಹಾಕಿದರೆ ‘ಅನ್‌ಸಪೋರ್ಟೆಡ್ ಡೇಟಾ’ ಅನ್ನುತ್ತದೆ. ಯಾಕೆ ಅಂತ ಒಂದು ಮಾತು ಹೇಳಬಾರದಾ? ವಿಡಿಯೋ ಫೈಲು ಎಂಕೆವಿ ಬಗೆಯದಾದರೆ ಆಗಲ್ಲ, ಎಂಪಿ4 ಬೇಕು, ಅದರಲ್ಲೂ ಎಲ್ಲ ಎಂಪಿ4 ಆಗಲ್ಲ, 480x272 ಪಿಕ್ಸೆಲ್ ಪರದೆಗೆ ಕುಗ್ಗಿಸಬೇಕು, ಆಮೇಲೆ ಮೆಮೊರಿ ಸ್ಟಿಕ್‌ನ ‘ವಿಡಿಯೋ’ ಫೋಲ್ಡರಿಗೇ ಹಾಕಬೇಕು. ಫ್ರೀ ಕನ್ವರ್ಟರ್‌ಗಳಂತೂ ವಿಡಿಯೋ ನಟ್ಟನಡುವೆ ತಮ್ಮ ಹೆಸರು ಬಳಿದುಬಿಡುತ್ತವೆ. ಭಾಗವತರ ಮುಖವೇ ಕಾಣಲ್ಲ! ಅದೂ ಸರಿಹೋಯಿತು ಅಂದರೆ ಹಾಡು ಮುಂದೆ, ಕುಣಿತ ಹಿಂದೆ. ಮದ್ದಳೆ ಪೆಟ್ಟು ಬಿದ್ದು ಎಷ್ಟೋ ಹೊತ್ತಿಗೆ ವೇಷದ ಕಾಲು ಏಳುತ್ತದೆ. ಇದನ್ನು ಹೇಗೆ ನೋಡೋದು, ಹೇಳಿ?