ಆಕಾಶದ ಕಣ್ಣಿಗೆ ಐನೂರು ಮೀಟರ್ ಅಪ್ಪಣೆ

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಕಬ್ಬಿಣದ ಅದಿರು ಅಗೆದಗೆದು ಗುಡ್ಡ ಬೋಳಾಗಿದೆಯೇ ಎಂಬುದನ್ನು ತಿಳಿಯಲು ಸರ್ಕಾರವು ನೂರಾರು ಕಿಲೋಮೀಟರ್ ಮೇಲಕ್ಕೆ ಏರಬೇಕಾಗಿದೆ. ಹೊಸಪೇಟೆಯ ರಸ್ತೆಬದಿಯಲ್ಲಿ ಚಹಾ ಕುಡಿಯುವವನಿಗೆ ಕೆನೆಯ ಮೇಲೆ ಕುಳಿತ ಕೆಂಪು ದೂಳೇ ಈ ಸಂಗತಿಯನ್ನು ಹೇಳುತ್ತಿತ್ತು. ಆದರೆ ದೂಳಿಗೆ ಮೊಹರು ಇಲ್ಲ, ಕ್ರಮಸಂಖ್ಯೆಯೂ ಇಲ್ಲ.

2016ರ ಅಕ್ಟೋಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯವು ಉಪಗ್ರಹ ಆಧಾರಿತ ಗಣಿ ಕಣ್ಗಾವಲು ವ್ಯವಸ್ಥೆಯನ್ನು ಆರಂಭಿಸಿತು. ಗಣಿ ಗುತ್ತಿಗೆಯ ಗಡಿಯಿಂದಾಚೆ 500 ಮೀಟರ್‌ವರೆಗಿನ ನೆಲದಲ್ಲಿ ಅಸಹಜ ಬದಲಾವಣೆ ಕಂಡರೆ ಅದು ಎಚ್ಚರಿಕೆ ನೀಡುತ್ತದೆ, ರಾಜ್ಯದ ಗಣಿ ಅಧಿಕಾರಿಗಳು ಸ್ಥಳಕ್ಕೆ ಹೋಗಿ ನೋಡಿ ಬರುತ್ತಾರೆ. ಎಂದರೆ, ಅದಿರು ಕದಿಯುವವನು ದಯವಿಟ್ಟು ಈ ಐನೂರು ಮೀಟರಿನೊಳಗೇ ಕದಿಯಬೇಕು. ಐನೂರೊಂದನೆಯ ಮೀಟರಿನಲ್ಲಿ ಗುದ್ದಲಿ ಹಾಕುವುದು ತಂತ್ರಜ್ಞಾನಕ್ಕೆ ಮಾಡುವ ಅವಮಾನ. ಗುತ್ತಿಗೆಯ ಒಳಗೆ ಬೆಟ್ಟ ಬಾವಿಯಾದರೆ ಈ ಕಣ್ಣಿಗೆ ಅದು ಸಹಜ ಬದಲಾವಣೆಯೇ. ಇನ್ನು ಗಡಿಯ ಮಾತು: ಬಳ್ಳಾರಿಯಲ್ಲಿ ಗಣಿಗುತ್ತಿಗೆಯದಿರಲಿ, ಕರ್ನಾಟಕ ಮತ್ತು ಆಂಧ್ರಗಳ ನಡುವಿನ ಗಡಿಯೇ ಎಲ್ಲಿದೆಯೆಂದು ತಕರಾರೆದ್ದು, ಭಾರತೀಯ ಸರ್ವೇಕ್ಷಣಾ ಇಲಾಖೆಯವರು ಬಂದು ಅಳೆಯಬೇಕಾಯಿತು.

ಉಪಗ್ರಹಗಳ ಕಡೆಯಿಂದ ಮಾತ್ರ ಯಾವ ಲೋಪವೂ ಆಗಿಲ್ಲ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಸರಣಿಯು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿದೆ, 2008ರಿಂದ ಆ ಚಿತ್ರಗಳು ಪುಕ್ಕಟೆಯಾಗಿ ಸಿಗುತ್ತಿವೆ. ಹಸಿರು ಎಷ್ಟು ಕರಗಿತು, ಕೆಂಪು ಎಷ್ಟು ಹಬ್ಬಿತು ಎಂಬುದನ್ನು ವರ್ಷಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಯಾರು ಬೇಕಾದರೂ ನೋಡಬಹುದು. ಇಸ್ರೋದ ಕೇಂದ್ರ ಕಚೇರಿ ಇರುವುದೂ ನಮ್ಮ ಬೆಂಗಳೂರಿನಲ್ಲಿಯೇ. ಆದರೂ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಅದಿರಿನ ಲಾರಿಗಳು ಸಾಲುಗಟ್ಟಿದ್ದವು. ಹದಿನಾರು ದಿನಗಳಿಗೊಮ್ಮೆ ತಪ್ಪದೆ ಅದೇ ಊರಿನ ಮೇಲೆ ಹಾದುಹೋಗುವ ಶಿಸ್ತು ಲ್ಯಾಂಡ್‌ಸ್ಯಾಟ್ ಉಪಗ್ರಹಕ್ಕಿದೆ. ಅಂಥ ಶಿಸ್ತಿನ ತಪಾಸಣಾ ಜೀಪನ್ನು ನಾನಂತೂ ಕಂಡಿಲ್ಲ.

ಮಳೆಗಾಲದಲ್ಲಿ ಮೋಡ ಮುಸುಕಿದರೆ ಸಾಮಾನ್ಯ ಕ್ಯಾಮೆರಾ ಉಪಗ್ರಹಕ್ಕೆ ನೆಲ ಕಾಣಿಸುವುದಿಲ್ಲ. ಈ ಒಂದು ದೌರ್ಬಲ್ಯವನ್ನು ಮಾತ್ರ ನಮ್ಮ ಕಚೇರಿಗಳು ಹನ್ನೆರಡು ತಿಂಗಳಿಗೂ ವಿಸ್ತರಿಸಿಕೊಂಡಿವೆ. ಮೇಲಿನಿಂದ ಎಚ್ಚರಿಕೆ ಬಂದ ಬಳಿಕ ಕಡತವು ಮೇಜಿನಿಂದ ಮೇಜಿಗೆ ಪ್ರದಕ್ಷಿಣೆ ಹಾಕಿ, ಕೊನೆಗೊಂದು ದಿನ ಸ್ಥಳ ಪರಿಶೀಲನೆಯೂ ನಡೆದು, ವರದಿಯಲ್ಲಿ ಹೀಗೆ ಬರೆದರೆ ಆಶ್ಚರ್ಯಪಡಬೇಕಾಗಿಲ್ಲ: "ಪರಿಶೀಲನೆಯ ವೇಳೆ ಸದರಿ ಸ್ಥಳದಲ್ಲಿ ಯಾವುದೇ ಗುಡ್ಡ ಕಂಡುಬಾರದ ಕಾರಣ, ಗುಡ್ಡಕ್ಕೆ ಹಾನಿಯಾಗಿರುವ ಬಗ್ಗೆ ಪುರಾವೆ ದೊರೆತಿರುವುದಿಲ್ಲ."